ಎಂಎಸ್ ಇರುವವರಿಗೆ ಕೈಚಿಕಿತ್ಸೆ: ಒಳ್ಳೆಯದೇ, ಆದರೆ ಅದೊಂದೇ ಸಾಲದು
ಎಂಎಸ್, ಅಂದರೆ ಮಿದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಸೆಟೆದ ಮೀನಖಂಡಕ್ಕೆ ಕೈಯಿಂದ ಮಾಡುವ ಫಿಸಿಯೋಥೆರಪಿ ಆರಾಮ ಕೊಡುತ್ತದೆ, ಮಾಡುವವರು ನುರಿತವರಾಗಿದ್ದರೆ. ಅಂಥವರು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮಂಡಿ ನೇರವಾಗಿಟ್ಟು, ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ 30ರಿಂದ 60 ಸೆಕೆಂಡ್ ಹಾಗೇ ಇಡುತ್ತಾರೆ. ಜರ್ಕ್ ಕೊಟ್ಟು ಎಳೆದರೆ ಸ್ನಾಯು ಇನ್ನಷ್ಟು ಬಿಗಿದು ಪಾದ ಪಟಪಟನೆ ಅದುರಬಹುದು. ಹಾಗೆ ಎಳೆಯುವವರ ಬಳಿ ದಯವಿಟ್ಟು ಹೋಗಬೇಡಿ. ಸ್ಪರ್ಶ ಮಂದವಾದ ಕಡೆ ‘ನೋವಾಯಿತಾ’ ಎಂದು ಕೇಳಿದರೆ ಸಾಲದು, ಚರ್ಮವನ್ನೂ ನೋಡುತ್ತಿರಬೇಕು. ಬಿಸಿ ಪ್ಯಾಕ್, ಸೆಕೆಯ ಕೋಣೆ ಬೇಡವೇ ಬೇಡ: ಮೈ ಕಾವೇರಿದರೆ ಸುಸ್ತು, ಕಣ್ಣು ಮಂಜಾಗುವುದು ಹೆಚ್ಚಬಹುದು. ಸಡಿಲಿಕೆ ಬಹಳ ಹೊತ್ತು ಉಳಿಯದು, ಆದ್ದರಿಂದ ಕೂಡಲೇ ನಿಲ್ಲುವ, ನಡೆಯುವ ಅಭ್ಯಾಸ ಮಾಡಿಸಬೇಕು. ಬಿಗಿತದ ಬಲದಲ್ಲೇ ನಿಲ್ಲುವವರ ಕಾಲು ಆಗ ಕುಸಿಯಬಹುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು.