ಬಾಂಬ್ ಸಿಡಿಯುವ ಮುಂಚೆ ಏನಾಯ್ತು? ಕೆಲವು ಹಿಂದಿ ಸಿನಿಮಾಗಳ ಹೋಲಿಕೆ

ಭಯೋತ್ಪಾದನೆಯ ಬಗ್ಗೆ ಹಿಂದಿಯಲ್ಲಿ ಸಿನಿಮಾಗಳಿಗೆ ಬರವಿಲ್ಲ. ಅಂಥ ಕೆಲವನ್ನು ಇತ್ತೀಚೆಗೆ ಒಂದರ ಹಿಂದೊಂದು ಮತ್ತೆ ನೋಡಿದೆ. ಯಾರು ಎಷ್ಟು ದೇಶಪ್ರೇಮ ತೋರಿಸಿದರು ಅನ್ನೋದು ಬಿಡಿ. ನಾನು ನೋಡಿದ್ದು ಕಥೆ ಯಾವ ದಿನದಿಂದ ಶುರುವಾಗುತ್ತದೆ ಎಂಬುದನ್ನು.

ರೋಹಿತ್ ಶೆಟ್ಟಿ ಅವರ ‘ಸೂರ್ಯವಂಶಿ’ (2021) ಮತ್ತು ಅನುರಾಗ್ ಕಶ್ಯಪ್ ಅವರ ‘ಬ್ಲ್ಯಾಕ್ ಫ್ರೈಡೇ’, ಎರಡಕ್ಕೂ ಬೇರು ಒಂದೇ: 257 ಜನರನ್ನು ಬಲಿ ತೆಗೆದುಕೊಂಡ 1993ರ ಮಾರ್ಚ್ 12ರ ಮುಂಬೈ ಸ್ಫೋಟಗಳು. ಅಂದು ಬಂದ ಸಾವಿರ ಕೆಜಿ ಆರ್‌ಡಿಎಕ್ಸ್‌ನಲ್ಲಿ 600 ಕೆಜಿ ಇನ್ನೂ ಎಲ್ಲೋ ಅಡಗಿದೆ ಎಂಬುದು ‘ಸೂರ್ಯವಂಶಿ’ಯ ಕಥೆ. ಆರ್‌ಡಿಎಕ್ಸ್‌ನ ಲೆಕ್ಕ ಪಕ್ಕಾ ಇದೆ. ಅದನ್ನು ಅಡಗಿಸಿಟ್ಟವರ ಮನಸ್ಸಿನ ಲೆಕ್ಕ ಮಾತ್ರ ಒಂದೆರಡು ಮಾತಿನಲ್ಲೇ ಮುಗಿದುಹೋಗುತ್ತದೆ. ಕೊನೆಗೆ ಮುಸ್ಲಿಮರು ಗಣೇಶನ ಮೂರ್ತಿ ಎತ್ತಿ ಸಾಗಿಸುವ ದೃಶ್ಯ ಬರುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಳ್ಳೆಯವರೆಂದು ಸಾಬೀತು ಮಾಡುವ ಕೆಲಸ ಯಾವಾಗಲೂ ಅವರಿಗೇ ಯಾಕೆ?

‘ಬ್ಲ್ಯಾಕ್ ಫ್ರೈಡೇ’ಗೆ ಇಂಥ ಅವಸರವಿಲ್ಲ. ಅದು ನಿಜವಾದ ಹೆಸರುಗಳನ್ನೇ ಬಳಸಿತ್ತು. ಮೊಕದ್ದಮೆ ಇನ್ನೂ ನಡೆಯುತ್ತಿದ್ದ ಕಾರಣ ಬಾಂಬೆ ಹೈಕೋರ್ಟ್ ಬಿಡುಗಡೆಗೆ ತಡೆ ಕೊಟ್ಟಿತು, ಸಿನಿಮಾ ಥಿಯೇಟರಿಗೆ ಬಂದದ್ದು 2007ರಲ್ಲಿ. ಸ್ಫೋಟದಲ್ಲಿ ಕೈಜೋಡಿಸಿದವನಾಗಿ ಬರುವ ಆದಿತ್ಯ ಶ್ರೀವಾಸ್ತವ ಅವರ ಪಾತ್ರ ತಲೆಮರೆಸಿಕೊಂಡು ಊರಿಂದ ಊರಿಗೆ ಅಲೆಯುವ ಭಾಗವೇ ನನಗೆ ಎಲ್ಲಕ್ಕಿಂತ ಮೇಲು. ಕೈಯಲ್ಲಿ ದುಡ್ಡಿಲ್ಲ. ಕೆಲಸ ಮಾಡಿಸಿಕೊಂಡವರು ಈಗ ಕ್ಯಾರೇ ಅನ್ನುವುದಿಲ್ಲ. ಧರ್ಮಕ್ಕಾಗಿ ಎಂದು ಹೊರಟವನು ಬರೀ ದಣಿದ ಮನುಷ್ಯನಾಗಿ ಉಳಿಯುತ್ತಾನೆ. ಆತನ ಮೇಲೆ ಕರುಣೆ ತೋರಿಸಿ ಎಂದು ಸಿನಿಮಾ ಕೇಳುವುದಿಲ್ಲ. ವಿಚಾರಣೆಯ ಹೆಸರಿನಲ್ಲಿ ಪೊಲೀಸರು ಮನೆಯವರಿಗೆ ಕೊಡುವ ಹಿಂಸೆಯನ್ನೂ ಮುಚ್ಚಿಡುವುದಿಲ್ಲ. ಸ್ಫೋಟದ ಮುಂಚೆ ಮುಂಬೈಯಲ್ಲಿ ನಡೆದ ಹಿಂದೂ-ಮುಸ್ಲಿಂ ಗಲಭೆಗಳು ಬರುವುದು ಕೊನೆಯ ಹೊತ್ತಿಗೆ. ಮೊದಲೇ ತೋರಿಸಿದ್ದರೆ ಅದು ಸಮರ್ಥನೆ ಅನ್ನಿಸುತ್ತಿತ್ತು. ಸತ್ತವರನ್ನು ನೋಡಿದ ಮೇಲೆ ಬರುವುದರಿಂದ ಕಾರಣ ಮಾತ್ರ ಆಗುತ್ತದೆ.

ಇದಕ್ಕೆ ತದ್ವಿರುದ್ಧ 2000ದಲ್ಲಿ ಬಂದ ‘ಫಿಝಾ’ ಮತ್ತು ‘ಮಿಷನ್ ಕಾಶ್ಮೀರ್’. ಎರಡರಲ್ಲೂ ಬಂದೂಕು ಹಿಡಿಯುವ ಹುಡುಗ ಹೃತಿಕ್ ರೋಷನ್. ಒಂದರಲ್ಲಿ ಮುಂಬೈ ಗಲಭೆ, ಇನ್ನೊಂದರಲ್ಲಿ ಪೊಲೀಸ್ ಗುಂಡಿಗೆ ಸತ್ತ ಅಪ್ಪ ಅಮ್ಮ. ಒಂದು ಗಾಯ, ಅದರಿಂದ ನೇರವಾಗಿ ಒಂದು ಬಂದೂಕು! ಅಂಥ ಗಾಯ ಆದವರೆಲ್ಲ ಬಂದೂಕು ಹಿಡಿಯುವುದಿಲ್ಲ, ಅಲ್ವಾ? ಮಧ್ಯದಲ್ಲಿ ಅವನನ್ನು ತಯಾರು ಮಾಡುವವರ ಕೆಲಸ ಎರಡರಲ್ಲೂ ತೆಳು. ಆದರೂ ಮಗ ಬರುತ್ತಾನೆಂದು ಕಾಯುವ ಜಯಾ ಬಚ್ಚನ್ ಅವರಿಗಾಗಿ ‘ಫಿಝಾ’ ನೋಡಬಹುದು.

2008ರ ‘ಎ ವೆನ್ಸ್‌ಡೇ’ ಮತ್ತು ‘ಆಮಿರ್’ ಎರಡೂ ಫೋನಿನ ಮೇಲೆ ನಡೆಯುವ ಕಥೆಗಳು. ಬಿಗಿಯಲ್ಲಿ ಮೊದಲನೆಯದೇ ಮುಂದು. ನಸೀರುದ್ದೀನ್ ಶಾ ಮಾತಾಡುತ್ತಿದ್ದರೆ ತಲೆ ತಾನಾಗಿ ಆಡುತ್ತದೆ. ಮುಗಿದ ಮೇಲೆ ಯೋಚಿಸಿದರೆ ಕಸಿವಿಸಿ: ಕೋರ್ಟಿಲ್ಲ, ವಾದವಿಲ್ಲ, ಸಾಮಾನ್ಯ ಮನುಷ್ಯನೇ ಬಾಂಬ್ ಇಟ್ಟು ಭಯೋತ್ಪಾದಕರಿಗೆ ತೀರ್ಪು ಕೊಡುತ್ತಾನೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಅವನ ಹೆಸರು ಹೇಳದೆ ಬಿಟ್ಟದ್ದು ಮಾತ್ರ ಜಾಣತನ. ‘ಆಮಿರ್’ನಲ್ಲಿ ಬೆದರಿಕೆಗೆ ಸಿಕ್ಕ ಡಾಕ್ಟರ್ ಬಾಂಬ್ ಹೊತ್ತು ಅಲೆಯುತ್ತಾನೆ. ಚಿಕ್ಕ ಸಿನಿಮಾ, ಆದರೆ ಉಸಿರುಗಟ್ಟಿಸುತ್ತದೆ.

‘ಮುಲ್ಕ್’ (2018) ಕೋರ್ಟಿನ ಸಿನಿಮಾ, ಭಾಷಣ ಜಾಸ್ತಿ. ಬಾಂಬ್ ಇಟ್ಟ ಹುಡುಗ ಬೇಗ ಸಾಯುತ್ತಾನೆ, ಕಥೆ ಅವನ ಮನೆಯವರದ್ದು. ರಿಷಿ ಕಪೂರ್ ಅವರ ಪಾತ್ರಕ್ಕೆ ಸ್ವಂತ ಬೀದಿಯವರೇ ಮುಖ ತಿರುಗಿಸುವ ಭಾಗ ಚೆನ್ನಾಗಿದೆ. ನ್ಯಾಯಾಧೀಶರ ಕೊನೆಯ ಉಪದೇಶಕ್ಕೆ ಕತ್ತರಿ ಹಾಕಬಹುದಿತ್ತು.

ಒಂದೇ ನೋಡಲು ಸಮಯವಿದ್ದರೆ ‘ಬ್ಲ್ಯಾಕ್ ಫ್ರೈಡೇ’ ನೋಡಿ. ಎರಡಾದರೆ ಜೊತೆಗೆ ‘ಮುಲ್ಕ್’. ‘ಸೂರ್ಯವಂಶಿ’ಯನ್ನು ಹೆಲಿಕಾಪ್ಟರ್ ಸ್ಟಂಟ್ ಇಷ್ಟಪಡುವವರಿಗೆ ಬಿಡುತ್ತೇನೆ.