2038ರ ಗಡಿಯಾರ: ಅನ್‌ಸೈನ್ಡ್ ಸಾಕಾ, 64 ಬಿಟ್ ಬೇಕಾ?

ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ನಾನು ಕೂರಿಸಿದ ಪೆಟ್ಟಿಗೆಯೊಂದಿದೆ. ಉಪ್ಪುನೀರಿನ ಟ್ಯಾಂಕಿನ ತಾಪಮಾನವನ್ನು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಒಳಗೆ 32 ಬಿಟ್ ಆರ್ಮ್ ಬೋರ್ಡ್ (ಪುಟ್ಟ ಕಂಪ್ಯೂಟರ್), ಅದರಲ್ಲಿ ಲಿನಕ್ಸ್. ಗೋಡೆಗೆ ಬಿಗಿದ ಮೇಲೆ ಇಂಥದ್ದನ್ನು 15 ವರ್ಷ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಮನೆಯಲ್ಲಿ ಅಂಥದ್ದೇ ಬೋರ್ಡ್ ಇಟ್ಟು, ಗಡಿಯಾರವನ್ನು 2038 ಜನವರಿ 19ರ ಬೆಳಿಗ್ಗೆ 8:43ಕ್ಕೆ ತಿರುಗಿಸಿದೆ. 8:44:07ರ ತನಕ ಸರಿ ಇತ್ತು. ಮುಂದಿನ ಸಾಲಿನಲ್ಲಿ 1901 ಬಂತು! 1970ರಿಂದ ಎಣಿಸಿದ ಸೆಕೆಂಡು, 32 ಬಿಟ್‌ನ ಸೈನ್ಡ್ (ಮೈನಸ್ ಕೂಡ ಹಿಡಿಯುವ) ಸಂಖ್ಯೆಯ ಮಿತಿಯಾದ 2147483647 ದಾಟಿತು, ಮೈನಸ್ ಆಯಿತು.

ಮೊದಲು ಸುಲಭದ ದಾರಿ ನೋಡಿದೆ: ನನ್ನ ಕೋಡಿನಲ್ಲಿ ಸಮಯವನ್ನು ಅನ್‌ಸೈನ್ಡ್ ಮಾಡುವುದು. ಅಂದರೆ ಮೈನಸ್ ಇಲ್ಲದ ಸಂಖ್ಯೆ. ಒಂದು ಮಧ್ಯಾಹ್ನದ ಕೆಲಸ, 2106ರ ತನಕ ಓಡುತ್ತದೆ, ಹಳೆ ಡೇಟಾ ಫೈಲಿಗೂ ತೊಂದರೆ ಇಲ್ಲ. ಆದರೆ ತಾರೀಕು ಬಿಡಿಸುವ ಲೈಬ್ರರಿ ಅದನ್ನು ಸೈನ್ಡ್ ಎಂದೇ ಓದುತ್ತದೆ, ಮತ್ತೆ 1901. ಸಮಯ ಸಿಗದಿದ್ದಾಗ ತಪ್ಪಿನ ಗುರುತಾಗಿ ಬರುವ -1 ಕೂಡ 2106ರ ಫೆಬ್ರವರಿ ಆಗಿಬಿಡುತ್ತದೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ.

ಎರಡನೆಯ ದಾರಿ ಮಸಲ್, ಅಂದರೆ ಪ್ರೋಗ್ರಾಂಗಳಿಗೆ ಸಮಯದಂಥ ಮೂಲ ಸೌಲಭ್ಯ ಕೊಡುವ ಸಿ ಲೈಬ್ರರಿ. ಅದು 1.2.0ರಿಂದಲೇ 64 ಬಿಟ್ ಸಮಯ ಕೊಡುತ್ತದೆ, ಚೊಕ್ಕವಾಗಿದೆ. ಆದರೆ ನಮ್ಮ ಸೆನ್ಸರ್‌ನ ರೆಡಿಮೇಡ್ ಲೈಬ್ರರಿ ಜಿಲಿಬ್‌ಸಿ ಎಂಬ ಅಂಥದ್ದೇ ಇನ್ನೊಂದು ಲೈಬ್ರರಿಗೆ ಕಟ್ಟಿದ್ದು, ಮಸಲ್ ಜೊತೆ ಓಡುವುದಿಲ್ಲ. ಅಲ್ಲಿಗೆ ಬಿಟ್ಟೆ.

ಉಳಿದದ್ದು ಜಿಲಿಬ್‌ಸಿ 2.34, ಜೊತೆಗೆ 5.6ಕ್ಕಿಂತ ಹೊಸ ಕರ್ನಲ್ (ಲಿನಕ್ಸಿನ ತಿರುಳು). 64 ಬಿಟ್ ಸಮಯದ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ), ದೊಡ್ಡ ಫೈಲಿನ ಫ್ಲ್ಯಾಗ್ ಎರಡನ್ನೂ ಹಾಕಿ ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡಿದೆ. 2038 ಸಲೀಸಾಗಿ ದಾಟಿತು. ಖುಷಿಯಿಂದ ಪ್ಲಾಂಟಿಗೆ ಒಯ್ದು ಹಾಕಿದರೆ, ಸಂಜೆಯೇ ಆಪರೇಟರ್ ಫೋನು: "ಎಂತ ಮಾರಾಯ್ರೆ, ಸೊನ್ನೆ ತೋರಿಸ್ತಾ ಉಂಟಲ್ಲ, ಐಸ್ ಆಗುದಿಲ್ವಾ?" ಐಸ್ ಚೆನ್ನಾಗಿಯೇ ಆಗುತ್ತಿತ್ತು. ತಪ್ಪು ನನ್ನ ಲಾಗ್ ಬರೆಯುವ ಸಾಲಿನದ್ದು. ಸಮಯ 8 ಬೈಟ್ ಆಗಿತ್ತು, ಫಾರ್ಮ್ಯಾಟ್ ಮಾತ್ರ ಹಳೆಯ '%ಎಲ್‌ಡಿ'. ಅದು ಇಲ್ಲಿ 4 ಬೈಟ್ ಮಾತ್ರ ಓದುತ್ತದೆ. ಮೊದಲ 4 ಬೈಟ್ ಸಮಯವಾಗಿ ಹೋಯಿತು, ಉಳಿದ 4 ಬೈಟಿನ ಸೊನ್ನೆ ತಾಪಮಾನದ ಜಾಗದಲ್ಲಿ ಕೂತಿತು. '%ಎಲ್‌ಎಲ್‌ಡಿ' ಮಾಡಿದ ಮೇಲೆ ಮೈನಸ್ 9 ಬಂತು. ಕಂಪೈಲರ್ ಎಚ್ಚರಿಕೆ ಕೊಟ್ಟಿತ್ತು, ನಾನು ಓದಿರಲಿಲ್ಲ. ಹಳೆ ಡೇಟಾ ಫೈಲನ್ನು 4 ಬೈಟಿನಿಂದ 8ಕ್ಕೆ ಬದಲಿಸಲು ಬೇರೆ ಪ್ರೋಗ್ರಾಂ ಬರೆಯಬೇಕಾಯಿತು.

ಒಟ್ಟು 9 ದಿನ ಹಿಡಿಯಿತು. ಆದರೂ ಯಾರಾದರೂ ಕೇಳಿದರೆ 64 ಬಿಟ್‌ನ ಈ ದಾರಿಯನ್ನೇ ಹೇಳುತ್ತೇನೆ. ಕಾರ್ಡಿನ ಇಎಕ್ಸ್‌ಟಿ4 (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮಾತ್ರ ಬಾಕಿ ಇದೆ. ಅದರ ಐನೋಡ್ (ಪ್ರತಿ ಫೈಲಿನ ವಿವರ ಇಡುವ ಜಾಗ) 128 ಬೈಟಿನದ್ದು, ಫೈಲಿನ ತಾರೀಕು 2038ಕ್ಕೇ ನಿಲ್ಲುತ್ತದೆ. 256 ಬೈಟಿಗೆ ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ 2446ರ ತನಕ ಸಿಗುತ್ತದೆ. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವಾಗ ಅದನ್ನೂ ಮುಗಿಸುತ್ತೇನೆ.