ಲ್ಯಾಮಿಂಗ್ಟನ್ ರೋಡಿನ ತಕ್ಕಡಿ

ಮಾಟುಂಗಾದಲ್ಲಿರುವ ಅಣ್ಣನ ಚಕ್ಕುಲಿ-ಕೋಡುಬಳೆ ಅಂಗಡಿಗೆಂದು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ಯುಎಸ್‌ಬಿ ತಕ್ಕಡಿ ತಂದೆ. ತೂಕ ಪಕ್ಕಾ. ಆದರೆ ಜೊತೆಗೆ ಬಂದ ಡ್ರೈವರ್ (ತಕ್ಕಡಿಯ ಮಾತನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶ) ನಮ್ಮ ಲಿನಕ್ಸ್ ಕಂಪ್ಯೂಟರಿಗೆ ಆಗಿಬರಲಿಲ್ಲ. "ವಿಂಡೋಸ್ ಡಾಲೋ ನಾ ಸಾಬ್" ಅಂದ ಅಂಗಡಿಯವನು. ಹಾಕಲಿಲ್ಲ.

ಯುಎಸ್‌ಬಿ ಸಾಧನಗಳ ಜೊತೆ ನೇರ ಮಾತಾಡಲು ಬಿಡುವ ಲಿಬ್‌ಯುಎಸ್‌ಬಿ ಎಂಬ ಲೈಬ್ರರಿ ಹಿಡಿದು, ಪೈಥಾನ್‌ನಲ್ಲಿ ಡ್ರೈವರನ್ನು ನಾನೇ ಬರೆದೆ. ಲಿನಕ್ಸಿನ ತಿರುಳಾದ ಕರ್ನಲ್‌ನ ಕೋಡ್ ಮುಟ್ಟುವ ಗೋಜಿಲ್ಲ. ಎಡವಿದರೆ ಬೀಳುವುದು ನನ್ನ ಪ್ರೋಗ್ರಾಂ ಒಂದೇ. ಮೊದಲೆರಡು ಗಂಟೆ 'ರಿಸೋರ್ಸ್ ಬಿಜಿ' ಎಂಬ ಒಂದೇ ರಾಗ: ಕರ್ನಲ್ಲಿನ ಯುಎಸ್‌ಬಿಹಿಡ್ ಎಂಬ ಡ್ರೈವರ್ ತಕ್ಕಡಿಯನ್ನು ಆಗಲೇ ಹಿಡಿದುಕೊಂಡು ಕೂತಿತ್ತು. ಅದನ್ನು ಡಿಟ್ಯಾಚ್ ಮಾಡಿ ತಕ್ಕಡಿಯಿಂದ ಬಿಡಿಸಿದ್ದೇ ತಡ, 6 ಬೈಟ್‌ಗಳು ಬಂದವು. ಕೊನೆಯ ಎರಡೇ ತೂಕ, ಕಿರಿಯ ಸ್ಥಾನದ ಬೈಟ್ ಮೊದಲು. ರೂಟ್ ಎಂಬ ಆಡಳಿತಗಾರನ ಅಧಿಕಾರ ಇಲ್ಲದೆ ಪ್ರೋಗ್ರಾಂ ಓಡಲು, ಸಾಧನಗಳ ಅನುಮತಿ ನೋಡಿಕೊಳ್ಳುವ ಯೂಡೆವ್‌ಗೆ ಒಂದು ಸಾಲು.

ತಕ್ಕಡಿಗೆ 3 ಸ್ಟಾರ್, ಲಿಬ್‌ಯುಎಸ್‌ಬಿಗೆ 5. ಅಣ್ಣ ಮಾತ್ರ ಇನ್ನೂ ಹಳೇ ತಕ್ಕಡಿಯಲ್ಲಿ ಒಮ್ಮೆ ತೂಗಿಯೇ ಪೊಟ್ಟಣ ಕಟ್ಟುತ್ತಾನೆ.